ಘಾಟ್ ಹತ್ತುವ ಲ್ಯಾಪ್‌ಟಾಪ್

ಯಮಕನಮರಡಿಯ ರಮಜಾನಸಾಬರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಮೂವತ್ನಾಲ್ಕು ವರ್ಷ ಲಾರಿಯ ಕಿಟಕಿಯಲ್ಲಿ ಮೊಣಕೈ ಊರಿಕೊಂಡು ಪುಣೆ, ಮುಂಬೈ, ಬೆಂಗಳೂರು ಅಂತ ಓಡಾಡಿದ ಕೈ ಅದು, ಬಿಸಿಲು ಸುಮ್ಮನೆ ಬಿಟ್ಟೀತೆ? ಎರಡು ವರ್ಷದಿಂದ ಮನೆಯಲ್ಲೇ ಕೂತದ್ದರಿಂದ ಆ ಕಪ್ಪು ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು. ಬೇರೆಯವರಾಗಿದ್ದರೆ ಬಣ್ಣ ಬಂತೆಂದು ಹಿಗ್ಗುತ್ತಿದ್ದರು. ಇವರು ಬೆಳಿಗ್ಗೆ ನಮಾಜಿಗೆ ಕೈಕಾಲು ತೊಳೆಯುವಾಗ ಎರಡೂ ಕೈ ಜೋಡಿಸಿ ನೋಡಿಕೊಂಡು, "ಹೋತು ನೋಡು, ಇಷ್ಟು ವರ್ಷದ ದುಡಿಮಿ ತೊಳದ ಹೋತು" ಎಂದು ಗೊಣಗುತ್ತಿದ್ದರು.

ಮೂಡಲಗಿಯ ಬೆಲ್ಲ ಹೇರಿಕೊಂಡು ಹೊರಟರೆ ಬೆಲ್ಲದ ಒಂದು ಪೆಂಟೆಯೂ ಒಡೆಯದಂತೆ ಮುಟ್ಟಿಸುವ ಡ್ರೈವರ್ ಅಂತ ಅವರಿಗೆ ಹೆಸರಿತ್ತು. ಅಷ್ಟು ವರ್ಷಗಳಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹಾಯಿಸಿದವರಲ್ಲ. ಆದರೆ ದೇವರ ಆಟ ನೋಡಿ, ಬೆಲ್ಲ ಹೇರಿದವರ ಮೈಗೆ ಸಕ್ಕರೆ ಕಾಯಿಲೆ ಬಂತು. ಅದು ಎಡಗಣ್ಣಿಗೆ ಇಳಿಯಿತು. ಒಂದು ಮಧ್ಯಾಹ್ನ ತವಂದಿ ಘಾಟಿನ ತಿರುವಿನಲ್ಲಿ ಎಡಗಡೆಯಿಂದ ಬಂದ ಮೋಟಾರ್‌ಸೈಕಲ್ ಅವರಿಗೆ ಕಾಣಲೇ ಇಲ್ಲ. ಬ್ರೇಕು ಹತ್ತಿ ಗಾಡಿ ನಿಂತಾಗ ಇಬ್ಬರ ನಡುವೆ ಉಳಿದಿದ್ದು ಒಂದು ಗೇಣು. ಯಾರಿಗೂ ಏನೂ ಆಗಲಿಲ್ಲ. ಮೋಟಾರ್‌ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ತನ್ನ ದಾರಿ ಹಿಡಿದ.

ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ರಮಜಾನಸಾಬರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮನೆಗೆ ಬಂದವರೇ ಹೆಂಡತಿಯ ಮುಂದೆ ಎಲ್ಲ ಒದರಿಬಿಟ್ಟರು. ಶಹನಾಜಬಿ ಅಳಲಿಲ್ಲ, ಕೂಗಾಡಲಿಲ್ಲ. ಓದುತ್ತ ಕೂತಿದ್ದ ಮೊಮ್ಮಗಳು ಗುಲ್ನಾಜಳನ್ನು ಎಳೆದುಕೊಂಡು ಬಂದು, ಗಂಡನ ಕೈ ಹಿಡಿದು ಅವಳ ತಲೆಯ ಮೇಲೆ ಇಟ್ಟರು.

"ಇನ್ನ ಮ್ಯಾಲೆ ಸ್ಟೇರಿಂಗ್ ಮುಟ್ಟೂದಿಲ್ಲ ಅನ್ನರಿ."

"ಅಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ..."

"ಅನ್ನರಿ!"

ರಮಜಾನಸಾಬರು ಅಂದರು. ಹೆತ್ತವರು ದುಬೈಗೆ ದುಡಿಯಲು ಹೋದಾಗಿನಿಂದ ತಮ್ಮ ಮಡಿಲಲ್ಲೇ ಬೆಳೆದ ಮಗು ಅದು. ಅದರ ತಲೆ ಮುಟ್ಟಿ ಆಡಿದ ಮಾತನ್ನು ಹಿಂದೆಗೆಯುವಂತಿಲ್ಲ. ಮರುದಿನ ಸಂಕೇಶ್ವರಕ್ಕೆ ಹೋಗಿ ಲಾರಿ ಮಾಲಕರ ಕೈಗೆ ಚಾವಿ ಕೊಟ್ಟರು. ಮಾಲಕರು ದೊಡ್ಡ ಮನುಷ್ಯರು, ಬೀಳ್ಕೊಡುವಾಗ ಒಂದಿಷ್ಟು ಹಣದ ಗಂಟನ್ನೂ ಕೊಟ್ಟರು. ಅಲ್ಲಿಂದ ಮುಂದೆ ರಮಜಾನಸಾಬರ ಕೆಲಸ ಅಂದರೆ ಹೈವೇ ಪಕ್ಕದ ಚಹಾದಂಗಡಿಯಲ್ಲಿ ಕೂತು ಹೋಗಿಬರುವ ಗಾಡಿಗಳ ಸದ್ದು ಕೇಳುವುದು. ಕಣ್ಣು ಮುಚ್ಚಿಕೊಂಡೇ, "ಹತ್ತು ಗಾಲಿದು, ಲೋಡ್ ಜಾಸ್ತಿ ಆಗೇತಿ, ಮೂರನೇ ಗೇರಿನ್ಯಾಗ ಸಾಯಾಕತ್ತಾನ" ಎನ್ನುತ್ತಿದ್ದರು. ಹಾಗೆ ಹೇಳಿ ಒಂದು ನಿಟ್ಟುಸಿರು. ನಿವೃತ್ತಿ ಅಂದರೆ ಆರಾಮ ಅನ್ನುವವರು ಈ ಮನುಷ್ಯನ ಮುಖ ಒಮ್ಮೆ ನೋಡಬೇಕಿತ್ತು.

ಹೀಗಿರುವಾಗ ಗುಲ್ನಾಜಳಿಗೆ ಲ್ಯಾಪ್‌ಟಾಪ್ ಬೇಕಾಯಿತು. ಸಂಕೇಶ್ವರದ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಆನ್‌ಲೈನ್ ಪಾಠ, ಸ್ಕಾಲರ್‌ಶಿಪ್ ಅರ್ಜಿ, ಲೆಕ್ಕದ ಕೋರ್ಸು, ಎಲ್ಲವನ್ನೂ ಅಂಗೈಯಷ್ಟು ಮೊಬೈಲಿನಲ್ಲಿ ನೋಡಿ ನೋಡಿ ಅವಳ ಕಣ್ಣಿಗೂ ಅಜ್ಜನ ಗತಿಯೇ ಬಂದೀತು ಅನ್ನುವುದು ಅಜ್ಜಿಯ ಹೆದರಿಕೆ. ಯಾವುದು ಕೊಳ್ಳಲಿ ಎಂದು ಗುಲ್ನಾಜ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದಾಗ ನಡುವೆ ಒಂದು ಬಂತು. ಯಾವ ದೇಶದವನೋ ಏನೋ, ಮನೆಯ ಮೇಜಿನ ಮುಂದೆ ಕೂತು ಲಾರಿ ಹೊಡೆಯುತ್ತಿದ್ದ. ಪರದೆಯ ಮೇಲೆ ರಸ್ತೆ, ಕನ್ನಡಿ, ಮಳೆ, ಟೋಲ್‌ನಾಕೆ, ಎಲ್ಲ ಇತ್ತು. ಕೀ ಒತ್ತಿದ ಹಾಗೆಲ್ಲ ಲಾರಿ ತಿರುಗುತ್ತಿತ್ತು. ರಮಜಾನಸಾಬರು ಮೊಬೈಲ್ ಕಸಿದುಕೊಂಡರು. ಆ ವಿಡಿಯೋವನ್ನು ಸಂಜೆಯೊಳಗೆ ಹನ್ನೊಂದು ಸಲ ನೋಡಿದರು.

"ಇದಕ್ಕ ಲೈಸೆನ್ಸ್ ಬೇಕೇನ ಬೇಟಾ?"

"ಲೈಸೆನ್ಸ್ ಎಲ್ಲಿದು ಅಜ್ಜಾ! ಗೇಮ್ ಆಡೂ ಲ್ಯಾಪ್‌ಟಾಪ್ ಬೇಕು, ಅಷ್ಟ. ಸಾದಾದರಾಗ ಇದು ನಡೆಯೂದಿಲ್ಲ."

ಅಷ್ಟೇ ಸಾಕಾಯಿತು. ಲಾರಿ ಮತ್ತೆ ಒಮ್ಮೆ ಹೊಡೆಯಬೇಕು ಅನ್ನುವುದು ಎರಡು ವರ್ಷದಿಂದ ಅವರ ಜೀವ ತಿನ್ನುತ್ತಿದ್ದ ಆಸೆ, ಅಡ್ಡ ನಿಂತದ್ದು ಆಣೆ. ಆದರೆ ವಿಡಿಯೋದವನು ಸ್ಟೇರಿಂಗ್ ಮುಟ್ಟಿರಲಿಲ್ಲವಲ್ಲ? ಅವನು ಒತ್ತಿದ್ದು ಇಂಗ್ಲಿಷ್ ಅಕ್ಷರ. ಅಕ್ಷರ ಮುಟ್ಟುವುದಿಲ್ಲ ಎಂದು ರಮಜಾನಸಾಬರು ಯಾರಿಗೂ ಆಣೆ ಕೊಟ್ಟಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆದರೂ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಒಂದು ಮಾತು ತೇಲಿಬಿಟ್ಟರು.

"ಹುಡುಗಿ ಲ್ಯಾಪ್‌ಟಾಪ್ ನಾನ ಕೊಡಸ್ತೇನಿ. ಮಾಲಕರ ರೊಕ್ಕ ಐತಲ್ಲ. ತಗೊಂಡ್ರ ಗಟ್ಟಿದ ತಗೋಬೇಕು. ಸ್ವಲ್ಪ... ದಮ್ ಇದ್ದದ್ದು."

ಶಹನಾಜಬಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ಇಂಟರ್ನೆಟ್ ನೋಡಾಕ ದಮ್ ಯಾಕ ಬೇಕ್ರಿ?"

"ಬೇಕಾಗತೈತಿ."

"ಹಂಗಾದ್ರ ನಾನೂ ಬರತೇನಿ ಅಂಗಡಿಗೆ" ಎಂದರು ಶಹನಾಜಬಿ. ರಮಜಾನಸಾಬರಿಗೆ ಗಂಟಲಲ್ಲಿ ರೊಟ್ಟಿ ಸಿಕ್ಕಿತು.

ಮೂಡಲಗಿಯ ಬೆಲ್ಲದ ವ್ಯಾಪಾರಿ ಉದ್ದಪ್ಪ ಹಳೆಯ ದೋಸ್ತ. ಫೋನು ಮಾಡಿ ಕೇಳಿದರೆ, "ಗೋಕಾಕಕ್ಕ ಹೋಗೋ ಮಾರಾಯಾ, ನನ್ನ ತಂಗಿ ಮಗ ಮುರಿಗೆಪ್ಪ ಅದಾನ, ಅವಂದ ಅಂಗಡಿ. ಮೋಸ ಮಾಡೂದಿಲ್ಲ, ಮಾಡಿದ್ರ ನನಗ ಹೇಳು" ಅಂದ. ಮರುದಿನವೇ ಮೂವರೂ ಗೋಕಾಕದ ಬಸ್ಸು ಹತ್ತಿದರು. ರಮಜಾನಸಾಬರು ಡ್ರೈವರನ ಹಿಂದಿನ ಸೀಟು ಹಿಡಿದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಾಯಿಂದ "ಸಾವಕಾಶ, ಸಾವಕಾಶ" ಅಂತ ಬರುತ್ತಿತ್ತು. ನಾಲ್ಕನೇ ತಿರುವಿಗೆ ಡ್ರೈವರ್ ಕನ್ನಡಿಯಲ್ಲೇ ಅವರನ್ನು ನೋಡಿ ಒಂದು ಕೈ ಎತ್ತಿ ಮುಗಿದ. "ಅಜ್ಜಾರ, ಈ ಬಸ್ಸಿಗೆ ಒಂದ ಬ್ರೇಕ್ ಸಾಕ್ರಿ. ನಿಮ್ಮದು ಬ್ಯಾಡ."

ಮುರಿಗೆಪ್ಪನಿಗೆ ನಲವತ್ತರ ಆಸುಪಾಸು. ದಪ್ಪ ಕನ್ನಡಕ, ಎಂಥ ಗಿರಾಕಿ ಬಂದರೂ ಏರದ ದನಿ. ಮಾವನ ಹೆಸರು ಕೇಳಿದ್ದೇ ತಡ, ಕುರ್ಚಿ ಹಾಕಿಸಿ ಚಹಾ ತರಿಸಿದ. ಗುಲ್ನಾಜ ತನಗೆ ಬೇಕಾದದ್ದನ್ನು ಹೇಳಿದಳು. ಅವನು ಮೇಜಿನ ಮೇಲೆ ಎರಡು ಇಟ್ಟ. ಒಂದು ಬೆಳ್ಳಗೆ, ತೆಳ್ಳಗೆ. ಇನ್ನೊಂದು ಕರ್ರಗೆ, ದಪ್ಪಗೆ, ಕೀಗಳ ಅಡಿಯಲ್ಲಿ ಕೆಂಪು ದೀಪ.

ಶಹನಾಜಬಿ ಬಿಳಿಯದನ್ನು ಎತ್ತಿ ನೋಡಿದರು. "ಊಟದ ತಾಟಿನಷ್ಟ ಹಗುರ ಐತಿ. ಇದ ಸಾಕು."

"ಹೌದ್ರಿ ಕಾಕು. ಬರೇ ಇಂಟರ್ನೆಟ್, ಓದೂದು, ಬರಿಯೂದು ಅಂದ್ರ ಇದು ಬರೋಬ್ಬರಿ ಆಗತೈತಿ. ಬ್ಯಾಟರಿನೂ ಭಾಳ ಹೊತ್ತು ಬರತೈತಿ" ಅಂದ ಮುರಿಗೆಪ್ಪ.

ರಮಜಾನಸಾಬರು ಕೆಮ್ಮಿದರು. "ಆ ಕರೇದು?"

"ಅದು ಗೇಮ್ ಆಡವರಿಗೆ ಕಾಕಾ. ಇದರಾಗ ಚಿತ್ರಾ ಓಡಸಾಕಂತನ ಒಂದು ಬ್ಯಾರೆ ಇಂಜಿನ್ ಇರತೈತಿ, ಗ್ರಾಫಿಕ್ಸ್ ಕಾರ್ಡ್ ಅಂತೇವಿ. ಮೆಮರಿ ಬೆಳ್ಳಗಿನದರ ಎರಡು ಪಟ್ಟು. ಬಿಸಿ ಹೊರಗ ಹಾಕಾಕ ಎರಡು ಫ್ಯಾನ್."

ಎರಡು ಇಂಜಿನ್ನು! ರಮಜಾನಸಾಬರ ಕಣ್ಣು ಅರಳಿತು. ಆದರೆ ಬೆಲೆ ಕೇಳಿದಾಗ ಮುಖ ಸಣ್ಣದಾಯಿತು. ಸ್ವಲ್ಪ ಯೋಚಿಸಿ, ವ್ಯವಹಾರಸ್ಥರ ಗತ್ತಿನಲ್ಲಿ ಮುಂದೆ ಬಾಗಿದರು. "ನೋಡಪಾ ಮುರಿಗೆಪ್ಪಾ, ನನಗ ಬರೇ ಚೆಸ್ಸಿ ಕೊಡು. ಬಾಡಿ ನಾವ ಕಟ್ಟಿಸಿಕೋತೇವಿ."

ಮುರಿಗೆಪ್ಪ ಕನ್ನಡಕ ತೆಗೆದು ಒರೆಸಿದ. ಗುಲ್ನಾಜ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ಇದರಲ್ಲಿ ನಗುವುದೇನಿದೆ ಹೇಳಿ? ಲಾರಿ ಕೊಳ್ಳುವ ಪದ್ಧತಿಯೇ ಹಾಗೆ. ಕಂಪನಿಯಿಂದ ಚೆಸ್ಸಿ, ಅಂದರೆ ಇಂಜಿನ್ನು, ಗಾಲಿ ಇರುವ ಬರಿಯ ಅಸ್ಥಿಪಂಜರ, ತಂದು ಹಲಗೆ, ಕ್ಯಾಬಿನ್, ಬಣ್ಣ ಎಲ್ಲ ಊರ ಕಡೆ ಕಟ್ಟಿಸಿದರೆ ಅಗ್ಗವೂ ಹೌದು, ಗಟ್ಟಿಯೂ ಹೌದು. ಲ್ಯಾಪ್‌ಟಾಪಿಗೆ ಆ ಅನುಕೂಲ ಇಲ್ಲವೆಂದು ತಿಳಿದು ರಮಜಾನಸಾಬರಿಗೆ ಬೇಜಾರೇ ಆಯಿತು. ಕಂಪನಿಯವರಿಗೆ ವ್ಯಾಪಾರ ಗೊತ್ತಿಲ್ಲ ಅಂದುಕೊಂಡರು.

"ಆತು, ಟ್ರಯಲ್ ಕೊಡು ಹಂಗಾದ್ರ. ಲೋಡ್ ಹಾಕಿ ಘಾಟ್ ಹತ್ತಿಸಿ ತೋರಿಸು. ಖಾಲಿ ಗಾಡಿ ಯಾವದಾದರೂ ಓಡತೈತಿ."

ಮುರಿಗೆಪ್ಪ ಕರಿಯದರಲ್ಲಿ ಆಟ ಹಾಕಿದ. ಅದೇ ಲಾರಿಯ ಆಟ! ಪರದೆಯ ಮೇಲೆ ಲಾರಿ ತನ್ನಷ್ಟಕ್ಕೆ ಓಡತೊಡಗಿತು. ಕಾಲು ಗಂಟೆ ಚೆನ್ನಾಗಿತ್ತು, ಆಮೇಲೆ ಎಳೆದು ಎಳೆದು ನಿಲ್ಲತೊಡಗಿತು. ಒಳಗಿನಿಂದ ಭೋರ್ ಎಂದು ಸದ್ದು. "ಈ ಪೀಸ್ ಯಾಕೋ ಹಿಂಗ ಮಾಡಾಕತ್ತೈತ್ರಿ, ನಿನ್ನೆನೂ ಒಬ್ಬರು ನೋಡಿ ಬಿಟ್ಟು ಹೋದ್ರು" ಅಂದ ಮುರಿಗೆಪ್ಪ, ಮುಖ ಸಪ್ಪಗೆ ಮಾಡಿ. ಶಹನಾಜಬಿ "ಅದಕ್ಕ ನಾ ಹೇಳಿದ್ದು" ಅನ್ನುವಂತೆ ಬಿಳಿಯದನ್ನು ತಮ್ಮ ಕಡೆ ಎಳೆದುಕೊಂಡರು.

ರಮಜಾನಸಾಬರು ಕಿವಿ ಹಚ್ಚಿ ಕೇಳಿದರು. ಬದಿಗೆ ಅಂಗೈ ಇಟ್ಟರು. ಹಿಂದೆ ಅಂಗೈ ಇಟ್ಟರು. ಬಿಸಿ ಗಾಳಿ ಬರುತ್ತಿತ್ತು, ಆದರೆ ತೀರ ಕಡಿಮೆ. ಅಡಿಗೆ ಬೆರಳು ತೂರಿಸಿದರು. ಮುರಿಗೆಪ್ಪ ಅಂದಕ್ಕೆಂದು ಮೇಜಿನ ಮೇಲೆ ಹಾಸಿದ್ದ ಕೆಂಪು ಮಖಮಲ್ಲು ಬೆರಳಿಗೆ ಸಿಕ್ಕಿತು.

"ಗಾಳಿ ಎಲ್ಲಿಂದ ಎಳಕೋತೈತಿ ಇದು?"

"ಅಡಿಯಿಂದರಿ ಕಾಕಾ."

"ಅಡಿಯಿಂದ ಉಸಿರಾಡೂ ಜೀವಕ್ಕ ಅಡಿಯಾಗ ಹಾಸಿಗಿ ಹಾಸೀಯಲ್ಲೋ ತಮ್ಮಾ! ರೇಡಿಯೇಟರಿಗೆ ಗೋಣಿಚೀಲ ಕಟ್ಟಿ ಘಾಟ್ ಹತ್ತು ಅಂದ್ರ ಯಾವ ಗಾಡಿ ಹತ್ತೀತು?" ಎಂದು ಮಖಮಲ್ಲನ್ನು ಸರಕ್ಕನೆ ಎಳೆದು ಬಿಸಾಡಿದರು. ಲ್ಯಾಪ್‌ಟಾಪು ಬರಿಯ ಹಲಗೆಯ ಮೇಲೆ ಕೂತಿತು. ಎರಡು ನಿಮಿಷಕ್ಕೆ ಸದ್ದು ಇಳಿಯಿತು, ಐದು ನಿಮಿಷಕ್ಕೆ ಲಾರಿ ನೀರಿನ ಹಾಗೆ ಓಡತೊಡಗಿತು. ಮುರಿಗೆಪ್ಪ ಎರಡೂ ಕೈ ಜೋಡಿಸಿ, "ಮಾವ ಹೇಳಿದ್ದ, ನೀವು ಸದ್ದಿನ ಮ್ಯಾಲೆ ಗಾಡಿ ಹೇಳತೀರಿ ಅಂತ. ನಾ ನಂಬಿದ್ದಿಲ್ಲ" ಅಂದ. ರಮಜಾನಸಾಬರ ಗಡ್ಡ ಎರಡು ಇಂಚು ಮೇಲೆ ಎದ್ದಿತು. ಎರಡು ವರ್ಷದ ಮೇಲೆ ಯಾರೋ ಅವರನ್ನು ಹೊಗಳಿದ್ದರು.

ಆ ಹುರುಪಿನಲ್ಲೇ ಬಾಯಿ ಜಾರಿತು. "ಕೈಲೆ ಒಂದೀಟು ಓಡಿಸಿ ನೋಡ್ಲಿ? ಹುಡುಗಿ ಸಲುವಾಗಿ. ಸುಮ್ಮ ಟೆಸ್ಟು."

ಮುರಿಗೆಪ್ಪ ಯಾವ ಕೀ ಎತ್ತ ತಿರುಗಿಸುತ್ತದೆಂದು ತೋರಿಸಿದ. ರಮಜಾನಸಾಬರು ಬಿಸ್ಮಿಲ್ಲಾ ಅಂದು ಒಂದು ಕೀ ಒತ್ತಿದರು. ಲಾರಿ ಹಾರಿತು. ಇನ್ನೊಂದು ಒತ್ತಿದರು. ಪಟ್ಟನೆ ಎಡಕ್ಕೆ ಹೊರಳಿ, ತಂತಿ ಬೇಲಿ ಮುರಿದು, ಲೋಡಿನ ಸಮೇತ ಹಳ್ಳಕ್ಕೆ ಬಿತ್ತು. ಗಾಲಿಗಳು ಆಕಾಶ ನೋಡುತ್ತ ತಿರುಗುತ್ತಿದ್ದವು.

ಗುಲ್ನಾಜಳ ದುಪಟ್ಟಾ ಮತ್ತೆ ಬಾಯಿಗೆ ಹೋಯಿತು.

"ಕೀನ ಸರಿ ಇಲ್ಲ" ಅಂದರು ರಮಜಾನಸಾಬರು, ಕಿವಿಯ ತುದಿಯವರೆಗೂ ಕೆಂಪಾಗಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನೀವು ನಗಬಹುದು. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು. ಸ್ಟೇರಿಂಗನ್ನು ಒಂದು ಕೂದಲೆಳೆಯಷ್ಟು ತಿರುಗಿಸಬಹುದು, ಕೀ ಒತ್ತಿದರೆ ಒತ್ತಿತು, ಬಿಟ್ಟರೆ ಬಿಟ್ಟಿತು. ಅದು ಮುರಿಗೆಪ್ಪನಿಗೂ ಗೊತ್ತಿತ್ತು. "ತಡೀರಿ ಕಾಕಾ, ನಿಮಗ ಇದು ಬೇಕು" ಎಂದು ಒಳಗೆ ಹೋಗಿ ಆಟದ ಸ್ಟೇರಿಂಗೊಂದನ್ನು ತಂದ. ಮೇಜಿಗೆ ಬಿಗಿದು, ಕಾಲ ಬಳಿ ಬ್ರೇಕು, ಕ್ಲಚ್ಚು, ಆಕ್ಸಿಲರೇಟರಿನ ಪೆಡಲುಗಳನ್ನೂ, ಪಕ್ಕದಲ್ಲಿ ಗೇರು, ಹ್ಯಾಂಡ್‌ಬ್ರೇಕಿನ ಹಿಡಿಗಳನ್ನೂ ಇಟ್ಟ.

ರಮಜಾನಸಾಬರ ಎರಡೂ ಕೈ ತಾವಾಗಿ ಮೇಲೆದ್ದವು. ಸ್ಟೇರಿಂಗಿಗೆ ನಾಲ್ಕು ಬೆರಳು ಅಂತರದಲ್ಲಿ ನಿಂತವು. ಆಮೇಲೆ ಸುಟ್ಟವರ ಹಾಗೆ ಹಿಂದೆ ಸರಿದು ತೊಡೆಯ ಮೇಲೆ ಬಿದ್ದವು.

"ಬ್ಯಾಡಪಾ. ತಗಿ ಅದನ್ನ. ಬೆಳ್ಳಗಿಂದ ಕಟ್ಟು, ಅದರಾಗ ಹುಡುಗಿ ಇಂಟರ್ನೆಟ್ ನಡೆದ್ರ ಸಾಕು."

ಅವರು ಯಾರ ಮುಖವನ್ನೂ ನೋಡಲಿಲ್ಲ. ಎರಡು ವರ್ಷದಿಂದ ತಡೆದುಕೊಂಡಿದ್ದ ದುಃಖ ಕಣ್ಣಿಗೆ ಬಂದುಬಿಡುತ್ತದೆ ಅನ್ನಿಸಿ, ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

ಗುಲ್ನಾಜ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನನಗ ಕರೇದೂ ನಡೀತೈತಿ. ಗೇಮ್ ಆಡೂದರಾಗ ಇಂಟರ್ನೆಟ್ ಚಂದ ಬರತೈತಿ. ಇಂಟರ್ನೆಟ್ಟಿಂದರಾಗ ಗೇಮ್ ಬರೂದಿಲ್ಲ."

"ಖರೆ ಐತ್ರಿ ಕಾಕು" ಅಂದ ಮುರಿಗೆಪ್ಪ. "ಲಾರಿಯಾಗ ಖಾಲಿನೂ ಹೋಗಬಹುದು, ಕಾರಿನ್ಯಾಗ ಕಬ್ಬು ಹೇರಾಕ ಬರೂದಿಲ್ಲ."

"ಹೊರಾಕ ಭಾರ ಆಗತೈತಲ್ಲ ಹುಡುಗಿಗೆ?"

"ದಿನಾ ಎಲ್ಲಿ ಒಯ್ತೇನಿ ಅಜ್ಜಿ? ಕಾಲೇಜಿನ್ಯಾಗ ಲ್ಯಾಬ್ ಐತಿ. ಬೇಕಾದ ದಿನಾ ಹೊತ್ತರಾತು."

ಶಹನಾಜಬಿ ಕುರ್ಚಿಯಿಂದ ಎದ್ದು, ಹಳ್ಳದಲ್ಲಿ ಮಗುಚಿ ಬಿದ್ದಿದ್ದ ಲಾರಿಯ ಹತ್ತಿರ ಬಂದು ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದರಾಗ ಬಿದ್ರ ಯಾರಿಗಾರ ಪೆಟ್ಟಾಗತೈತೇನಪಾ?"

"ಇಲ್ರಿ ಕಾಕು. ಇದೊಂದು ಗುಂಡಿ ಒತ್ತಿದ್ರ ಎದ್ದು ನಿಲ್ಲತೈತಿ, ನೋಡ್ರಿ."

ಲಾರಿ ಎದ್ದು ರಸ್ತೆಯ ಮೇಲೆ ನಿಂತಿತು. ಒಂದು ಗೀರೂ ಇರಲಿಲ್ಲ. ಶಹನಾಜಬಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನ ಬಲಗೈ ಹಿಡಿದು ಎತ್ತಿ ಸ್ಟೇರಿಂಗಿನ ಮೇಲೆ ಇಟ್ಟರು.

"ಆಣಿ ಹಾಕಿದಾಕಿ ನಾ. ಇದರ ಮಟ್ಟಿಗೆ ಬಿಟ್ಟೇನಿ. ರಸ್ತಾದ ಮ್ಯಾಲಿಂದು ಹಂಗ ಐತಿ ಮತ್ತ, ಮರೀಬ್ಯಾಡ್ರಿ. ಹಿಡೀರಿ."

"ಶಹನಾಜ..."

"ಹಿಡೀರಿ ಅಂದ್ರ!"

ಹಿಡಿದರು. ಮುರಿಗೆಪ್ಪ ನಮ್ಮ ಕಡೆಯಂಥ ರಸ್ತೆ, ಬಲಗಡೆ ಸ್ಟೇರಿಂಗಿನ ಲಾರಿ ಹಾಕಿಕೊಟ್ಟ. ರಮಜಾನಸಾಬರು ಕುರ್ಚಿ ಮುಂದೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲು ಎರಡೂ ಕನ್ನಡಿ ನೋಡಿದರು. ಎಡಗಡೆಯದನ್ನು ನೋಡಲು ಇಡೀ ಕುತ್ತಿಗೆ ತಿರುಗಿಸಬೇಕಾಯಿತು, ತಿರುಗಿಸಿದರು. ಲಾರಿ ಹೊರಟಿತು. ಯಾವ ಗಡಿಬಿಡಿಯೂ ಇಲ್ಲ. ಏರು ಬಂದಾಗ ಗಾಡಿ ಬೇಡುವ ಮೊದಲೇ ಗೇರು ಇಳಿಸಿದರು. ಇಳಿಜಾರಿನಲ್ಲಿ ಬ್ರೇಕನ್ನು ನೆಚ್ಚದೆ ಇಂಜಿನ್ನಿನಿಂದಲೇ ತಡೆದರು. ಕಾರೊಂದು ಅಡ್ಡಾದಿಡ್ಡಿ ನುಗ್ಗಿತು. ಬದಿಗೆ ಸರಿದು ದಾರಿ ಬಿಟ್ಟರು. ಮುಂದೆ ಒಂದು ಊರು ಬಂತು, ಬದಿಯಲ್ಲಿ ಜನ ನಡೆಯುತ್ತಿದ್ದರು. ವೇಗ ಇಪ್ಪತ್ತಕ್ಕೆ ಇಳಿಯಿತು.

ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. "ಜೋರ್ ಹೊಡೀರಿ ಕಾಕಾ, ಆಟ ಐತಿ ಇದು. ಅವರು ಖರೆ ಮಂದಿ ಅಲ್ಲ."

"ಮಂದಿ ಮಂದೀನ ತಮ್ಮಾ" ಅಂದರು ರಮಜಾನಸಾಬರು, ರಸ್ತೆಯಿಂದ ಕಣ್ಣು ಕೀಳದೆ. ಊರು ದಾಟುವವರೆಗೂ ಇಪ್ಪತ್ತೇ. ಅವರ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಶಹನಾಜಬಿ ಪಕ್ಕದಲ್ಲೇ ನಿಂತಿದ್ದರು. ಪರದೆ ನೋಡುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು. ಗಂಡನ ಕೈ ನೋಡುತ್ತಿದ್ದರು, ಕಾಲು ನೋಡುತ್ತಿದ್ದರು, ಎಡಕ್ಕೆ ತಿರುಗುವ ಕುತ್ತಿಗೆ ನೋಡುತ್ತಿದ್ದರು. ಮೆಲ್ಲಗೆ ಮುರಿಗೆಪ್ಪನಿಗೆ "ಕರೇದ ಕಟ್ಟಪಾ, ಆ ಸ್ಟೇರಿಂಗನೂ ಕಟ್ಟು" ಅಂದರು. ಆಮೇಲೆ ಗಂಡನ ಕಡೆ ಬಾಗಿದರು.

"ಹಿಂಗ ಹೊಡೀತಿದ್ರೇನ್ರಿ ನೀವು?"

"ಹ್ಯಾಂಗ?"

"ಹಿಂಗ... ಇಷ್ಟು ಸಾವಕಾಶ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಮೂವತ್ನಾಲ್ಕು ವರ್ಷ ನಾ ಒಮ್ಮಿನೂ ನಿಮ್ಮ ಗಾಡಿ ಹತ್ತಲಿಲ್ಲ, ನೀವು ಹತ್ತಿಸಲಿಲ್ಲ. ನೀವು ಮನಿ ಬಿಟ್ಟಾಗಿಂದ ತಿರಗಿ ಬರೂತನಕ ನನ್ನ ಎದಿ ಹೊಡಕೋತಿತ್ತು. ಫೋನ್ ಬಂದ್ರ ಸಾಕು, ಮುಗೀತು ಅನಸ್ತಿತ್ತು. ಒಮ್ಮೆ, ಒಂದ ಒಮ್ಮೆ ಬಾಜೂಕ ಕುಂದ್ರಿಸಿಕೊಂಡು ಹುಕ್ಕೇರಿತನಕ ಒಯ್ದಿದ್ರ, ನಾ ಇಷ್ಟು ವರ್ಷ ಸುಖಾ ನಿದ್ದಿ ಮಾಡತಿದ್ನಲ್ರಿ!"

ಪರದೆಯಲ್ಲಿ ಹಿಂದೆ ಬರುವ ಗಾಡಿಯೇನೂ ಇರಲಿಲ್ಲ. ಆದರೂ ರಮಜಾನಸಾಬರು ಕನ್ನಡಿ ನೋಡಿ, ಇಂಡಿಕೇಟರ್ ದೀಪ ಹಾಕಿ, ಲಾರಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಹೆಂಡತಿಯ ಕಡೆ ತಿರುಗಿದರು.